ದ್ರಾಕ್ಷಿಸಿಪ್ಪೆಯ ನೊರೆ

"ನಿನ್ನ ಬಾಟಲಿಗೆ ಬೂಷ್ಟ ಹಿಡದಿತ್ತವಾ, ಸಿಂಕಿನ್ಯಾಗ ಸುರುವಿಬಿಟ್ಟೆ," ಎಂದಳು ತಾಯಿ ಗೋದಾವರಿ.

ಮೈತ್ರೇಯಿ ಸಿಂಕಿನತ್ತ ಓಡಿದಳು; ಆ ಬೂಷ್ಟವೇ ಅವಳ ಸಂಶೋಧನೆ. ನಾಶಿಕದ ತೋಟದ ಮಣ್ಣಿನಲ್ಲಿ ಸಿಕ್ಕ ಆ ಶಿಲೀಂಧ್ರಕ್ಕೆ ದ್ರಾಕ್ಷಿಸಿಪ್ಪೆ ಉಣಿಸಿ, ಸಂಭಾಜಿನಗರದ ಲ್ಯಾಬಿನಲ್ಲಿ ಕೂಸಿನಂತೆ ಸಾಕಿದ್ದಳು. ಸಾಬೂನಿನ ಗುಣದ ರಸ ಬಿಟ್ಟೀತೆಂದು ಕಾದಿದ್ದಳು. ಬಾಟಲಿಯನ್ನು ಪಂಚವಟಿಯ ಮನೆಗೆ ತಂದದ್ದೇ ತಪ್ಪಾಯಿತು.

ಬಾಟಲಿಯ ರಸ ಚೆಲ್ಲಿದ್ದ, ಸಿಂಕಿನಲ್ಲಿದ್ದ ಜಿಡ್ಡುಗಟ್ಟಿದ ಬಾಣಲೆಯ ಮೇಲೆ ನಲ್ಲಿಯ ನೀರು ಬಿತ್ತು. ಬೆಳ್ಳನೆಯ ನೊರೆ, ನಿದ್ದೆಯಲ್ಲಿ ಯಾರೋ ಉಸಿರಾಡಿದ ಹಾಗೆ, ಮೆಲ್ಲಗೆ ಉಬ್ಬುತ್ತ ಬಂತು. ಒಂದೊಂದು ಗುಳ್ಳೆಯೊಳಗೂ ಪಂಚವಟಿಯ ಸಂಜೆ ತೇಲುತ್ತಿತ್ತು. ಜಿಡ್ಡು ತಾನಾಗಿ ಜಾರತೊಡಗಿತು.

ಸಾಬೂನು ತಾಗಿದರೆ ಸಾಕು, ಕೈಯ ಬಿರುಕೆಲ್ಲ ಉರಿಯುತ್ತಿದ್ದ ಗೋದಾವರಿ ಎರಡೂ ಅಂಗೈಗಳನ್ನು ಆ ನೊರೆಯಲ್ಲಿ ಮುಳುಗಿಸಿದಳು. ಹೊರಗೆ ತೆಗೆಯಲೇ ಇಲ್ಲ.

"ಮೈತ್ರೀ," ಎಂದಳು, "ಈ ನೊರೀಗೆ ಕೈ ಉರೀವಲ್ದಲ್ಲ."