ಕನ್ನಡಿಯ ಮೇಲಿನ ಪಟ

ದೇಶಕ್ಕಾಗಿ ಹನ್ನೆರಡು ವರ್ಷ ಬ್ಯಾಟು ಬೀಸಿ ನಿವೃತ್ತರಾದ ವಾಮನಮೂರ್ತಿಯವರನ್ನು, ತಲೆ ಬೋಳಾಗಿ ಹೊಟ್ಟೆ ಬಂದ ಮೇಲೆ, ಯಾರೂ ಗುರುತಿಸುತ್ತಿರಲಿಲ್ಲ. ಪರವೂರಿನ ಕ್ಷೌರದಂಗಡಿಯಲ್ಲಿ ಶೇವಿಂಗಿಗೆ ಕೂತಾಗ, ಕನ್ನಡಿಯ ಮೇಲೆ ಗುಂಗುರುಗೂದಲಿನ ತಮ್ಮದೇ ಹಳೆಯ ಪಟ ಕಂಡು ಅವರ ಎದೆಯುಬ್ಬಿತು.

“ಇವರ ಜೊತೆಗೇ ಆಡ್ತಿದ್ನಲ್ಲ ದೊರೆಸ್ವಾಮಿ, ಇವರ ಕಾಲಿನ ಧೂಳಿಗೂ ಸಮ ಇಲ್ಲ ಬಿಡಿ ಸಾರ್,” ಎಂದ ಅಂಗಡಿಯವನು, ಪಟದ ಕಡೆ ಕಣ್ಣು ಹಾಯಿಸಿ ನೊರೆ ಹಚ್ಚುತ್ತಾ.

ಅದು ನಾನೇ ಎಂದುಬಿಡಬಹುದಿತ್ತು. ಆದರೆ ಸ್ವಲ್ಪ ಕೆಣಕಿದರೆ ಇನ್ನಷ್ಟು ಹೊಗಳಿಯಾನೆಂಬ ಆಸೆ. “ದೊರೆಸ್ವಾಮಿ ಸರಾಸರಿ ಐವತ್ತೊಂದು ಕಣಪ್ಪ, ಇವನ್ದು ಮೂವತ್ತೆಂಟು,” ಎಂದರು.

“ಸರಾಸರಿ ತಗೊಂಡು ಏನ್ಮಾಡ್ತೀರಿ ಸಾರ್, ಕಷ್ಟಕಾಲದಲ್ಲಿ ನಿಂತು ಆಡಿದ್ದು ಯಾರು?”

ವಾಮನಮೂರ್ತಿಯವರಿಗೆ ಬೆಲ್ಲ ತಿಂದಷ್ಟು ಹಿತವಾಯಿತು. ಇನ್ನೊಂದು ತುಂಡು ಬೇಕೆನಿಸಿತು.

“ಹೊರದೇಶದಲ್ಲಿ ದೊರೆಸ್ವಾಮಿ ಹನ್ನೊಂದು ಸೆಂಚುರಿ ಹೊಡೆದ. ಇವನು ಹೊಡೆದಿದ್ದು ಒಂದೇ, ಅದರಲ್ಲೂ ಎದುರಾಳಿಗಳು ಇವನ ಮೂರು ಕ್ಯಾಚ್ ಬಿಟ್ಟಿದ್ರು.”

ಅಂಗಡಿಯವನ ಕೈ ನಿಂತಿತು. ಬ್ರಷ್ಷು ಕೆಳಗಿಟ್ಟು, ಸ್ಟೂಲು ಹತ್ತಿ, ಪಟ ಇಳಿಸಿ, ಗೋಡೆಗೆ ಮುಖ ಮಾಡಿ ಮೂಲೆಗಿಟ್ಟ.

“ಇಷ್ಟು ವರ್ಷ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ದೊರೆಸ್ವಾಮಿದೊಂದು ಪಟ ಎಲ್ಲಾದ್ರೂ ಸಿಗುತ್ತಾ ಸಾರ್?”