ನಿಜ ಕೇಳುವ ಬೀಗ

ನಾಡನ್ನಾಳುವ ಹಿರಿಮಾಂತ್ರಿಕರು ತಪಾಸಣೆಗೆಂದು ಸೆರೆಕೋಣೆಗೆ ಕಾಲಿಟ್ಟಿದ್ದೇ ತಡ, ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಸುಳ್ಳುಗಾರರೆಂದು ಹಿಡಿದುಹಾಕಿದವರ ಸೆರೆಮನೆ ಅದು. ನಿಜ ನುಡಿದರಷ್ಟೇ ಬೀಗ ತೆರೆಯಲೆಂದು ಮಂತ್ರ ಹಾಕಿಸಿದ್ದವರೂ ಅವರೇ.

“ನನ್ನ ಪ್ರಜೆಗಳೆಲ್ಲ ಸುಖವಾಗಿದ್ದಾರೆ,” ಎಂದರು ಗಂಭೀರವಾಗಿ. ಬೀಗ ಮಿಸುಕಲಿಲ್ಲ. “ಕೈದಿಗಳ ಊಟಕ್ಕೆ ನಾನು ಕೈ ಹಾಕಿದವನೇ ಅಲ್ಲ,” ಎಂದ ಜೊತೆಗಿದ್ದ ಕಾವಲುಗಾರ. ಜಪ್ಪಯ್ಯ ಅಂದರೂ ಅದು ಅಲುಗಲಿಲ್ಲ.

ಮೂಲೆಯಲ್ಲಿ ಹರಿದ ಕಂಬಳಿ ಹೊಲಿಯುತ್ತಿದ್ದ ಕೈದಿ ಮುದುಕಿ ತಲೆಯೆತ್ತದೆ ಹೇಳಿದಳು: “ದಿನಾ ಈ ಕಾವಲುಗಾರನನ್ನ ಹೊರಗೆ ಬಿಡೋದು ನಾನೇ.” ಬೀಗ ಟಕ್ಕೆಂದು ತೆರೆಯಿತು.

“ಮತ್ತೆ ನೀನ್ಯಾಕಮ್ಮ ಹೋಗ್ಲಿಲ್ಲ?” ಹಿರಿಮಾಂತ್ರಿಕರ ದನಿ ಇಳಿದಿತ್ತು.

ಆಕೆ ದಾರವನ್ನು ಹಲ್ಲಿನಿಂದ ಕಡಿದಳು. “ಹೊರಗೆ ನಿಮ್ಮ ಆಳ್ವಿಕೆ ಇದೆಯಲ್ಲ ಸ್ವಾಮಿ. ಅದಕ್ಕಿಂತ ಇದೇ ವಾಸಿ ಅನ್ನಿಸ್ತು.”

ಸಾಲು ಕೋಣೆಗಳ ಬೀಗಗಳೆಲ್ಲ ಒಂದೊಂದಾಗಿ ತೆರೆದುಕೊಳ್ಳತೊಡಗಿದವು.