ಎಂಜಿನ್ನಿಗೆ ತಂದ ಹಾರ

ಗಂಡ ಮೈಗೆ ಸಾಬೂನು ಹಚ್ಚಿಕೊಳ್ಳುವ ಹೊತ್ತು ನೋಡಿ, ಕಾಶವ್ವ ಬಚ್ಚಲ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದಳು.

"ಏ ಕಾಶೀ, ಚಿಲಕ ಯಾಕ ಹಾಕೀದಿ? ತಗೀ! ಎಂಜಿನ್ ಬರೋ ಹೊತ್ತಾತು!" ಸಿದ್ದಲಿಂಗಪ್ಪ ಬಾಗಿಲು ಬಡಿಯತೊಡಗಿದ. ಪುಣೆಯ ಘೋರ್ಪಡಿ ರೈಲ್ವೆ ಗೇಟಿನ ಹತ್ತಿರ ನಿಂತು ರೈಲು ನೋಡುವುದೆಂದರೆ ಅವನಿಗೆ ಊಟ ಬೇಡ, ನಿದ್ದೆ ಬೇಡ. ಅವನ ಮೆಚ್ಚಿನ ಉಗಿ ಎಂಜಿನ್ ಇವತ್ತು ಮನೆಯ ಹಿಂದಿನ ಹಳಿ ಮೇಲೆ ಗುಜರಿಗೆ ಹೊರಟಿತ್ತು. ಕಡೇ ಸಲ ನೋಡಬೇಕೆಂದು ಆಫೀಸಿಗೆ ರಜೆ ಹಾಕಿದ್ದ. ಎಂಜಿನ್ನಿಗೆ ಹಾಕಲು ಚೆಂಡುಹೂವಿನ ಹಾರವನ್ನೂ ತಂದಿದ್ದ.

ಕಾಶವ್ವ ಆ ಹಾರ ಕೈಗೆತ್ತಿಕೊಂಡಳು. ಹೋದ ವರ್ಷ ಸೊಲ್ಲಾಪುರದಲ್ಲಿ ಅವಳ ಅವ್ವ ಕಡೆಯುಸಿರು ಎಳೆಯುತ್ತಿದ್ದಾಗ, ಇದೇ ಗಂಡ ಇಬ್ಬರ ಟಿಕೆಟ್ಟೂ ಕಿಸೆಯಲ್ಲಿಟ್ಟುಕೊಂಡು ಪುಣೆ ಸ್ಟೇಷನ್ನಿನ ಆಚೆ ತುದಿಯಲ್ಲಿ ಯಾವುದೋ ಎಂಜಿನ್ ನೋಡುತ್ತ ಮೈಮರೆತು ನಿಂತಿದ್ದ. ಗಂಟು ಹಿಡಿದು ಕಾಯುತ್ತಿದ್ದ ಕಾಶವ್ವನ ಕಣ್ಣೆದುರೇ ಗಾಡಿ ಹೊರಟುಹೋಯಿತು. ಅವ್ವನ ಬಾಯಿಗೆ ಕಡೇ ಗುಟುಕು ನೀರು ಬಿಡಲು ಇದ್ದೊಬ್ಬ ಮಗಳು ಹೊತ್ತಿಗೆ ಹೋಗಿ ಮುಟ್ಟಲಿಲ್ಲ. ಅವತ್ತು ಅವನು ಅಂದದ್ದು ಇಷ್ಟೇ: "ಅಳಬ್ಯಾಡ. ಇನ್ನೊಂದು ಗಾಡಿ ಬರ್ತದ."

ಸೀಟಿ ಕೂಗಿತು. ಗೂಡಿನೊಳಗಿನ ಪಾತ್ರೆಗಳು ಗಲಗಲಿಸಿದವು. "ಕೈ ಮುಗೀತೀನಿ ಕಾಶೀ, ಒಮ್ಮಿ ನೋಡ್ತೀನಿ!" ಎಂದು ಗಂಡ ಕೂಗುತ್ತಲೇ ಇದ್ದ. ಅವಳು ಸ್ಟೂಲು ಹತ್ತಿ ಆ ಹಾರವನ್ನು ಅವ್ವನ ಫೋಟೋಕ್ಕೆ ಹಾಕಿ ನೆಟ್ಟಗೆ ಮಾಡಿದಳು. ಗದ್ದಲ ದೂರವಾಗಿ ಅಡಗಿತು. ಬಚ್ಚಲಿನಲ್ಲಿ ಬಿಕ್ಕುವ ಸದ್ದಷ್ಟೇ ಉಳಿಯಿತು.

ಆಗ ಕಾಶವ್ವ ಚಿಲಕ ತೆಗೆದಳು. "ಅಳಬ್ಯಾಡ್ರಿ," ಎಂದಳು, "ಇನ್ನೊಂದು ಗಾಡಿ ಬರ್ತದ."